ಪಿಕಪ್ಪಿನ ಸದ್ದು ಕಾಣೆಯಾಗಿದೆ

ಕಂತು ಏಳು

"ಸದ್ದೇ ಇಲ್ಲಲ್ಲೋ ಮಾರಾಯಾ!"

ರಾಘಣ್ಣ ವಕೀಲರು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಎರಡೂ ಕೈಯಿಂದ ಟೋಪಿ ಹಿಡಿದುಕೊಂಡು ಕೂತಿದ್ದರು. ಈ ಮಾತನ್ನು ಅವರು ಹೇಳಿದ್ದು ಇದು ಮೂರನೆಯ ಸಲ.

"ವಕೀಲ್ರ, ನೀವು ಬಾಯಿ ಮುಚ್ಚಿದ್ರ ನನಗ ಗಾಡಿ ಕೇಳಸ್ತದ. ಈಗ ಬರೇ ನೀವ ಕೇಳಸ್ಲಿಕ್ಕತ್ತೀರಿ," ಅಂದ ಸ್ಟೇರಿಂಗ್ ಹಿಡಿದಿದ್ದ ಮಿಸ್ತ್ರಿ ಶಿವಪುತ್ರಪ್ಪ.

ವಕೀಲರು ಬಾಯಿ ಮುಚ್ಚಿದರು. ಅವರಿಗೆ ಅದು ಸಣ್ಣ ಕೆಲಸವಲ್ಲ.

ಸ್ವಾರಗೇಟ ಪೊಲೀಸ್ ಚೌಕಿಯ ಹಿಂದಿನ ಬಯಲಿನಲ್ಲಿ ಪಿಕಪ್ ಮುಂದೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ನಿಂತಿತು. ಇಂಜಿನ್ನು ಗುರುಗುಟ್ಟುತ್ತಿತ್ತು, ಹಲಗೆಗಳು ಕಿರಿಕಿರಿ ಅನ್ನುತ್ತಿದ್ದವು. ಆದರೆ ಡ್ರೈವರ್ ಹೇಳಿದ್ದ ಟಕ್ ಅನ್ನುವ ಸದ್ದು ಮಾತ್ರ ಇಲ್ಲ.

ಇಪ್ಪತ್ತು ದಿನದ ಹಿಂದೆ ಕಾತ್ರಜ ಘಾಟಿನಲ್ಲಿ ಈ ಗಾಡಿ ನಿಂತಲ್ಲಿಂದ ಹಿಂದಕ್ಕೆ ಉರುಳಿ, ಒಳಗೆ ಕೂತಿದ್ದ ಬೆಲ್ಲದ ಸಾವಕಾರ ಸಿದ್ದಲಿಂಗಪ್ಪ ಸತ್ತಿದ್ದ. ರೇಡಿಯೇಟರಿಗೆ ನೀರು ತರಲು ಕೆಳಗಿಳಿದಿದ್ದ ಡ್ರೈವರ್ ಮಲಕಪ್ಪ, ರಾಘಣ್ಣ ವಕೀಲರ ಕಕ್ಷಿದಾರ, ಈಗ ಇದೇ ಚೌಕಿಯ ಕೋಣೆಯಲ್ಲಿದ್ದ. ಅವನ ಮಾತು ಒಂದೇ: "ಗೇರ್‌ನ್ಯಾಗ ಹಾಕಿದ್ದೆ, ಹ್ಯಾಂಡ್‌ಬ್ರೇಕ್ ಎಳದಿದ್ದೆ, ಆದರೂ ಹೋತು." ಪೊಲೀಸರ ಮಾತೂ ಒಂದೇ: ಎರಡೂ ಇದ್ದರೆ ಗಾಡಿ ಹೋಗುವುದಿಲ್ಲ, ಇವನು ಬೇಕಂತಲೇ ಬಿಟ್ಟಿದ್ದಾನೆ.

ಇವತ್ತು ಸಂಜೆ ನಾಲ್ಕಕ್ಕೆ ಮೋಟಾರು ತಪಾಸಣೆಯ ಸಾಹೇಬ ಬಂದು ಗಾಡಿಯನ್ನು ಘಾಟಿನ ತನಕ ಓಡಿಸಿ ನೋಡುವವನು. ಗಾಡಿಯಲ್ಲಿ ದೋಷ ಕಂಡರೆ ಮಲಕಪ್ಪ ಮನೆಗೆ. ಕಾಣದಿದ್ದರೆ ನಾಳೆ ಕಾಗದ ಸೆಷನ್ಸ್ ಕೋರ್ಟಿಗೆ, ಖೂನಿ ಅಂತ.

"ಇನ್ನೊಂದ ಸಲ," ಅಂದ ಶಿವಪುತ್ರಪ್ಪ.

ಬೆಳಗಾವಿ ಕಡೆಯ ಈ ಮಿಸ್ತ್ರಿಗೆ ಐವತ್ತು ದಾಟಿತ್ತು. ಶಾಲೆ ನಾಲ್ಕನೇ ಇಯತ್ತೆಗೇ ಮುಗಿದಿತ್ತು. ಆದರೆ ಗಾಡಿ ಕಳುವಾದರೂ, ಗಾಡಿಯಿಂದ ಸಾಮಾನು ಕಳುವಾದರೂ ಪುಣೆಯ ಕನ್ನಡ ಮಂದಿ ಮೊದಲು ಬರುತ್ತಿದ್ದದ್ದು ಇವನ ಗ್ಯಾರೇಜಿಗೆ. ಮನುಷ್ಯ ಹೇಳುವುದನ್ನು ಒಂದು ಕಿವಿಯಿಂದ, ಯಂತ್ರ ಹೇಳುವುದನ್ನು ಇನ್ನೊಂದು ಕಿವಿಯಿಂದ ಕೇಳುತ್ತೇನೆ ಅನ್ನುತ್ತಿದ್ದ. ಎರಡೂ ಕಿವಿಗೆ ಒಂದೇ ಸುದ್ದಿ ಬರುವ ತನಕ ಅವನಿಗೆ ಸಮಾಧಾನವಿಲ್ಲ.

ಕ್ಲಚ್ ಒತ್ತಿದ. ಏನೂ ಬದಲಾಗಲಿಲ್ಲ, ಕ್ಲಚ್ ತಪ್ಪಿತಸ್ಥನಲ್ಲ. ಎರಡನೇ ಗೇರಿಗೆ ಹಾಕಿದ, ಮೂರಕ್ಕೆ ಹಾಕಿದ. ಗೇರ್‌ಬಾಕ್ಸು ಹಣ್ಣಾದ ಮುದುಕಿಯಂತೆ ಸಣ್ಣಗೆ ಗೊಣಗಿತು, ಅಷ್ಟೇ. ವೇಗ ಏರಿಸಿ ಕಾಲು ತೆಗೆದ. ಗಾಡಿ ತನ್ನ ಓಟಕ್ಕೆ ತಾನು ಹೋಗುವಾಗ ಹಿಂದಿನ ಅಚ್ಚಿನ ನಡುವಿರುವ ಹೊಟ್ಟೆಯಂಥ ಗುಂಡಿನಿಂದ ಊಳು ಬರಬೇಕು, ಹಲ್ಲು ಸವೆದಿದ್ದರೆ. ಬರಲಿಲ್ಲ.

ಕಡೆಗೆ ನಿಲ್ಲಿಸಿ, ರಿವರ್ಸಿಗೆ ಹಾಕಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಗಾಡಿ ಜಿಗಿಯಿತು. ವಕೀಲರ ಟೋಪಿ ಹಾರಿತು. ಟಕ್ ಅನ್ನಲಿಲ್ಲ.

"ಉಸ್ತಾದ್ರ!"

ಚೌಕಿಯ ಹಿಂಗೋಡೆಯ ಸರಳುಗಳ ಹಿಂದೆ ಮಲಕಪ್ಪನ ಮುಖ ಕಾಣಿಸಿತು. ಕುರುಚಲು ಗಡ್ಡ, ಕೆಂಪು ಕಣ್ಣು.

"ಉಸ್ತಾದ್ರ, ಅದು ಯಾರ ಗಾಡಿ ತಂದೀರಿ?"

"ನಿಂದ ಅದನೋ."

"ನಂದಲ್ರೀ! ನಾ ಇಲ್ಲಿಂದ ಕೇಳ್ಲಿಕ್ಕತ್ತೀನಿ. ನನ್ನ ಗಾಡಿ ಮುಂದ ಹೊಂಟಾಗ ಒಂದ್ ಟಕ್ ಅಂತದ, ಹಿಂದ ತಗೊಂಡಾಗ ಒಂದ್ ಟಕ್ ಅಂತದ, ನಡುವ ಸುಮ್ನಿರ್ತದ. ಎರಡು ತಿಂಗಳಿಂದ ಅದರ ಜೋಡಿ ಸಂಸಾರ ಮಾಡೀನ್ರಿ. ನಂಬರ್ ನೋಡ್ರಿ, ನಂಬರ್ ಬದಲಿ ಮಾಡ್ಯಾರ!"

ಶಿವಪುತ್ರಪ್ಪ ನಂಬರ್ ನೋಡಲಿಲ್ಲ. ಅದನ್ನು ಬೆಳಿಗ್ಗೆಯೇ ನೋಡಿದ್ದ. ಗಾಡಿ ಅದೇ.

"ಏನ್ ಮಿಸ್ತ್ರಿಗೋಳ, ಏನರ ಕೇಳಿಸ್ತೇನು?"

ಈ ದನಿ ಮೆತ್ತಗಿತ್ತು. ಚೌಕಿಯ ಬೆಂಚಿನ ಮೇಲೆ ಬಿಳಿ ಕೋಟು ತೊಟ್ಟ ಬಾಳಕೃಷ್ಣಪಂತರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸತ್ತ ಸಾವಕಾರನ ಅಂಗಡಿಯ ಲೆಕ್ಕ ಬರೆಯುವ ದಿವಾಣಜಿ; ಈಗ ಅಂಗಡಿಯೇ ಅವರ ಕೈಯಲ್ಲಿತ್ತು. ಟಕ್ ಅನ್ನುವ ಸದ್ದಿನ ಸುದ್ದಿಯನ್ನು ಮೂರು ಸಲ ಅವರ ಮುಂದೆ ಹೇಳಿದ್ದೆ, ಗಾಡಿ ರಿಪೇರಿಗೆ ನಿಂತರೆ ರೇಷನ್ ಪೆಟ್ರೋಲಿನ ಕೂಪನ್ ಹೋಗುತ್ತದೆ ಅಂತ ಮೂರೂ ಸಲ ಹಾಗೇ ಓಡಿಸಲು ಕಳಿಸಿದರು ಅಂತ ಮಲಕಪ್ಪ ಆಣೆ ಮಾಡುತ್ತಿದ್ದ. ಅವನು ಏನೂ ಹೇಳೇ ಇಲ್ಲ ಅಂತ ಪಂತರು ಬರೆದು ಕೊಟ್ಟಿದ್ದರು.

"ಪಂತ್ರ, ನೀವು ನಾಕಕ್ಕ ಬರೂದಿತ್ತಲ್ಲ?" ಅಂದ ಶಿವಪುತ್ರಪ್ಪ.

"ಮನ್ಯಾಗ ಕೂತು ಏನ್ ಮಾಡೂದು? ಸಾವಕಾರ್ರ ಗಾಡಿ, ನೋಡೂಣಂತ ಬಂದೆ. ಹೂ ಎತ್ತಿ ಇಟ್ಟಂಗ ಹೊಂಟದ ಬಿಡ್ರಿ." ಪಂತರು ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು. "ಪಾಪ, ಮಲಕಪ್ಪನ ಕಿವ್ಯಾಗ ಏನರ ತೊಂದ್ರಿ ಇದ್ದೀತು."

"ಕೇಳಿದ್ರೇನು ವಕೀಲ್ರ?" ಅಂತ ಒಳಗಿನಿಂದ ಮಲಕಪ್ಪ ಕೂಗಿದ. "ನನ್ನ ಕಿವ್ಯಾಗಂತ! ಅವರ ಬಾಯಾಗ ನೋಡ್ರಿ!"

ಹವಾಲ್ದಾರ ಸರಳಿಗೆ ಲಾಠಿ ಬಡಿದು "ಗಪ್ ಬಸ್ ರೇ!" ಅಂದ. ಮಲಕಪ್ಪ ಗಪ್ಪಾದ.

ಶಿವಪುತ್ರಪ್ಪ ಗಾಡಿಯ ಎಡ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. ವಕೀಲರು ಟೋಪಿಯ ಧೂಳು ಹೊಡೆಯುತ್ತ ಬಗ್ಗಿದರು.

"ನನಗ ಒಮ್ಮೆ ಸರಳ ಮಾಡಿ ಹೇಳು. ಕೋರ್ಟಿನ್ಯಾಗ ನಾ ಹೇಳಬೇಕಲ್ಲ."

"ಸರಳ ಅದರೀ. ಇಂಜಿನ್ನಿನ ಬಲ ಕಡೀಗೆ ಬರೂದು ಈ ಅಚ್ಚಿನ ಸಲಾಕಿಗೆ. ಸಲಾಕಿ ತಿರಗ್ತದ, ಸಲಾಕಿ ಮ್ಯಾಲ ಚಕ್ರ ಕೂತದ. ಸಲಾಕಿಗೂ ಚಕ್ರಕ್ಕೂ ನಡುವ ಒಂದು ಸಣ್ಣ ಕಾಲುವಿ ಕೊರದಿರ್ತಾರ, ಅದರಾಗ ಹೆಬ್ಬಟ್ಟಿನಷ್ಟು ಉಕ್ಕಿನ ತುಂಡು ಜಡದಿರ್ತಾರ. ಅದಕ್ಕ ನಾವು ಬೆಣಿ ಅಂತೀವಿ. ಆ ಬೆಣಿ ಇದ್ರ ಇಬ್ರೂ ಕೂಡಿ ತಿರಗತಾರ."

"ಅದು ಸಡಲಾದ್ರ?"

"ಮುಂದ ಹೊಂಟಾಗ ಈ ಕಡೆ ಬಡೀತದ, ಒಂದ್ ಟಕ್. ಹಿಂದ ಬಂದಾಗ ಆ ಕಡೆ ಬಡೀತದ, ಇನ್ನೊಂದ್ ಟಕ್. ಮಲಕಪ್ಪ ಹೇಳಿದ್ದು ಅಕ್ಷರಾ ಅಕ್ಷರಾ ಇದ. ಬಡದು ಬಡದು ಒಂದಿನ ತುಂಡಾಗ್ತದ. ತುಂಡಾದ್ರ ಸಲಾಕಿ ಬ್ಯಾರೆ, ಚಕ್ರ ಬ್ಯಾರೆ."

"ಹ್ಯಾಂಡ್‌ಬ್ರೇಕ್?"

"ಅದ ಖರೇ ಸುದ್ದಿ. ಈ ನಮೂನಿ ಗಾಡ್ಯಾಗ ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯಂಗಿಲ್ಲ, ಗೇರ್‌ಬಾಕ್ಸಿನ ಬೆನ್ನಿಗೆ ಇರೂ ಡ್ರಮ್ ಹಿಡೀತದ. ಗೇರೂ ಅಲ್ಲೇ, ಬ್ರೇಕೂ ಅಲ್ಲೇ. ಇಬ್ರೂ ಸಲಾಕಿ ಹಿಡಕೊಂಡು ನಿಂತಿರ್ತಾರ, ಚಕ್ರ ಮಾತ್ರ ಅದರ ಮ್ಯಾಲಿಂದ ಜಾರಿ ಇಳಕಲಕ್ಕ ಹೋಗೇ ಬಿಡ್ತದ. ಒಂದ್ ಕಡೀದು ಜಾರಿದ್ರ ಇನ್ನೊಂದ್ ಕಡೀದೂ ನಿಲ್ಲಂಗಿಲ್ಲ. ಮಲಕಪ್ಪ ಖರೇನ ಹೇಳ್ಯಾನ್ರಿ."

"ಮತ್ತ ಈಗ ಹೆಂಗ ಓಡ್ಲಿಕ್ಕತ್ತದ?"

ಶಿವಪುತ್ರಪ್ಪ ಇನ್ನೂ ಹತ್ತಿರ ಸರಿದ. ಚಕ್ರದ ನಡುವಿನ ತಗಡಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದ. ಒಳಗೆ ದೊಡ್ಡ ನಟ್ಟು, ನಟ್ಟನ್ನು ತಿರುಗದಂತೆ ಹಿಡಿದ ತಂತಿಯ ಪಿನ್ನು.

ಪಿನ್ನು ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಅವನು ಬಹಳ ಹೊತ್ತು ನೋಡಿದ. ಪಿನ್ನಿನ ಒಂದು ಕಾಲು ಮೇಲಕ್ಕೆ ಬಾಗಿ ಸಲಾಕಿಯ ತುದಿಗೆ ಅಂಟಿಕೊಂಡಿತ್ತು. ಇನ್ನೊಂದನ್ನು ಓರೆಯಾಗಿ ಕತ್ತರಿಸಿ, ನಟ್ಟಿನ ಮುಖಕ್ಕೆ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ ಕೂಡಿಸಿದ್ದರು. ಬೀದಿ ಮಿಸ್ತ್ರಿಗಳು ಹೀಗೆ ಮಾಡುವುದಿಲ್ಲ. ಇಕ್ಕಳದಿಂದ ತಿರುವಿ ಬಿಟ್ಟುಬಿಡುತ್ತಾರೆ. ಇದು ಪದ್ಧತಿಯಂತೆ ಕಲಿತ ಕೈ.

"ಯಾರೋ ಇದನ್ನ ರಿಪೇರಿ ಮಾಡ್ಯಾರ್ರೀ," ಅಂದ. ದನಿಯಲ್ಲಿ ಬಲವಿರಲಿಲ್ಲ. "ಇಪ್ಪತ್ತೈದು ವರ್ಷ ನಾ ಗಾಡಿ ಕೆಡಿಸಿದವರನ್ನ ಹುಡಿಕೀನಿ. ದುರಸ್ತ ಮಾಡಿದವರನ್ನ ಹುಡಕೂ ಪಾಳಿ ಇವತ್ತ ಬಂತು."

ನಟ್ಟಿನ ಪಕ್ಕದಲ್ಲೇ ಒಂದು ಬೆರಳಗಲ ಕುಂಕುಮ ಇತ್ತು. ಅದರ ಮೇಲೆ ಅರಿಸಿನ.

"ಹವಾಲ್ದಾರ ಸಾಹೇಬ," ಅಂತ ಕರೆದ. "ಈ ಗಾಡಿಗೆ ಪೂಜಾ ಯಾರು ಮಾಡಿದ್ರು?"

ಹವಾಲ್ದಾರ ಮರಾಠಿಯವನು; ಕನ್ನಡವನ್ನು ಚೌಕಿಯಲ್ಲಿ ಕಲಿತಿದ್ದ. "ಖಂಡೇನವಮಿ ನಾ! ನಮ್ಮ ಬಂದೂಕಿಗೆ ಪೂಜಾ, ಗಾಡಿಗೆ ಪೂಜಾ. ಈ ಡ್ರೈವರ್‌ಚೀ ಬಾಯಕೋ ಬಂದ್ಲು, ನನ್ನ ಗಂಡನ ಗಾಡಿಗೆ ಹೂ ಇಲ್ಲದ ಇರಬಾರ್ದು ಅಂತ ಅತ್ಲು. ನಾನು ಮಾಣೂಸ್ ನಾ? ಮಾಡು ಅಂದೆ."

"ಒಬ್ಬಾಕಿನ ಬಂದಿದ್ಲೇನು?"

"ಆಕೀ ಅಣ್ಣ ಇದ್ದ. ಚಕ್ರ ತೊಳೀತೀನಿ ಅಂದ. ಲೈ ಚಾಂಗ್ಲಾ ಮಾಣೂಸ್, ಬಹಳ ಒಳ್ಳೇ ಮನಶ್ಯಾ. ಮಧ್ಯಾಹ್ನದಿಂದ ಸಂಜೀತನಕ ತೊಳದ."

ವಕೀಲರೂ ಶಿವಪುತ್ರಪ್ಪನೂ ಒಬ್ಬರ ಮುಖ ಒಬ್ಬರು ನೋಡಿದರು. ಬೆಂಚಿನ ಮೇಲಿದ್ದ ಬಾಳಕೃಷ್ಣಪಂತರು ಎಲೆಯನ್ನು ಬಾಯಿಗಿಟ್ಟುಕೊಂಡು, ಕೈ ಒರೆಸಿಕೊಂಡು, ಯಾರಿಗೂ ಹೇಳದೆ ಎದ್ದು ಹೋದರು.

*

ಮಲಕಪ್ಪನ ಹೆಂಡತಿ ಪಾರವ್ವ ಇದ್ದದ್ದು ಟಾಂಗಾ ಅಡ್ಡೆಯ ಹಿಂದಿನ ತಗಡಿನ ಸಾಲುಮನೆಯಲ್ಲಿ. ಅವರು ಹೋದಾಗ ಆಕೆ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಎಲ್ಲಿಗೋ ಹೊರಡುವ ಹಾಗೆ ಹೊಸ್ತಿಲಲ್ಲಿ ಕೂತಿದ್ದಳು.

"ಬರ್ರೀ, ಬರ್ರೀ!" ಅಂತ ಎದ್ದಳು. "ನಾನೂ ನಾಕಕ್ಕ ಅಲ್ಲೇ ಬರಾಕಿ. ಗಾಡಿ ನೋಡಿದ್ರೇನ್ರಿ ಕಾಕಾ?"

"ನೋಡಿದೆವು ತಂಗಿ."

"ಎಷ್ಟು ಚಂದ ಹೊಂಟದ ಅಲ್ರಿ?"

ಮುಖದಲ್ಲಿ ಆ ಇಪ್ಪತ್ತು ದಿನದಲ್ಲಿ ಮೊದಲ ಸಲ ಬಂದ ನಗು. ಶಿವಪುತ್ರಪ್ಪನಿಗೆ ಕೂಡಲು ಚಾಪೆ ಹಾಸಿದಳು, ವಕೀಲರಿಗೆ ಮಣೆ ಇಟ್ಟಳು.

ಮಾತು ಶಿವಪುತ್ರಪ್ಪನೇ ಶುರು ಮಾಡಿದ.

"ಪಾರವ್ವಾ, ನಿಮ್ಮಣ್ಣ ಗೂಳಪ್ಪ ಖಡಕಿ ಕಾರಖಾನ್ಯಾಗ ಫಿಟ್ಟರ್ ಇದ್ದಾನಲ್ಲ?"

"ಹೌದ್ರಿ. ಹನ್ನೊಂದು ವರ್ಷ ಆತು. ಅವನ ಕೈಗೆ ಸಾಹೇಬ್ರು ಬೆನ್ನು ತಟ್ಟತಾರಂತ್ರಿ."

"ತಟ್ಟಬೇಕಾದಂಥಾ ಕೈನ ಅದು. ಚಕ್ರದ ಬೆಣಿ ಅವನ ಬದಲಿ ಮಾಡಿದ್ನೇನು?"

ಆಕೆ ಹೊರಗೆ ಒಮ್ಮೆ ನೋಡಿ, ದನಿ ತಗ್ಗಿಸಿ, ಗುಟ್ಟು ಹೇಳುವವಳ ಸಂತೋಷದಲ್ಲಿ ಹೇಳಿದಳು: "ನಿಮಗ ಗೊತ್ತಾತಲ್ರಿ! ಯಾರಿಗೂ ಹೇಳಬ್ಯಾಡ್ರಿ. ಹವಾಲ್ದಾರ್ರು ಅಂದ್ರು, ದಸರಾ ಆದಮ್ಯಾಲ ದೊಡ್ಡ ಸಾಹೇಬ ಗಾಡಿ ನೋಡಾಕ ಬರ್ತಾನ ಅಂತ. ಸಾಹೇಬ ಬರ್ತಾನಂದ್ರ ಮತ್ತ, ಎಲ್ಲಾ ನೆಟ್ಟಗ ಇರಬೇಕಲ್ರಿ? ಸಾಲಿಗೆ ಸಾಹೇಬ ಬಂದ್ರ ಗ್ವಾಡಿಗೆ ಸುಣ್ಣಾ ಬಳೀತಾರ. ದವಾಖಾನಿಗೆ ಬಂದ್ರ ಹಾಸಿಗಿ ಒಗೀತಾರ. ಗಾಡಿ ಟಕ್ ಟಕ್ ಅಂದ್ರ ಸಾಹೇಬ ಏನಂತಾನ? ಈ ಡ್ರೈವರ್ ಕಾಳಜಿ ಮಾಡಂಗಿಲ್ಲ, ಇವನ ತಪ್ಪು ಅಂತಾನ."

ವಕೀಲರು ಹಣೆ ಹಿಡಿದುಕೊಂಡರು.

"ನಮ್ಮವ್ರು ಯಾವಾಗಲೂ ಅನ್ನೂದು ಅದ ನೋಡ್ರಿ," ಅಂತ ಪಾರವ್ವ ಮುಂದುವರಿಸಿದಳು. "ಗಾಡಿ ಸದ್ದು ಮಾಡಿದ್ರ ಡ್ರೈವರನ ಮರ್ಯಾದಿ ಹೋತು ಅಂತ. ಆ ಟಕ್ ಅನ್ನೂದರ ಸಲುವಾಗಿ ಊಟ ಬಿಟ್ಟು ಕೂಡತಿದ್ರು. ಅದಕ್ಕ ಅಣ್ಣನ ಕಾಲು ಹಿಡಕೊಂಡೆ. ಅವನೂ ಒಲ್ಲೆ ಒಲ್ಲೆ ಅಂದ. ಅತ್ತೆ. ಆಮ್ಯಾಲ ಬಂದ."

"ಪಾರವ್ವಾ."

"ಅವರಿಗೆ ಇನ್ನೂ ಹೇಳಿಲ್ರಿ. ನಾಕಕ್ಕ ಸಾಹೇಬ ಓಡಿಸಿದಾಗ, ಸರಳಿನ್ಯಾಗ ನಿಂತು ಅವರ ಕೇಳ್ಲಿ ಅಂತ..."

"ಪಾರವ್ವಾ, ಆ ಸದ್ದ ನಿನ್ನ ಗಂಡನ ಸಾಕ್ಷಿ ಇತ್ತು."

ಆಕೆಗೆ ತಿಳಿಯಲಿಲ್ಲ. ನಗು ಹಾಗೇ ಇತ್ತು, ಆರಿಸಲು ಮರೆತ ದೀಪದಂತೆ.

ಶಿವಪುತ್ರಪ್ಪ ನಿಧಾನವಾಗಿ ಹೇಳಿದ. ಬೆಣಿ ಮುರಿದಿದ್ದರೆ ಮಾತ್ರ ಮಲಕಪ್ಪ ಹೇಳಿದ್ದು ಖರೇ ಆಗುತ್ತದೆ. ಗಾಡಿ ಉರುಳಿ ಮರಕ್ಕೆ ಗುದ್ದಿದಾಗ ಚಕ್ರ ಸಲಾಕಿಯ ಮೇಲೆ ಗಾಡಿ ನಡೆಯುವಷ್ಟು ಮಾತ್ರ ಮತ್ತೆ ಕಚ್ಚಿಕೊಂಡಿರಬೇಕು, ಅದಕ್ಕೇ ಪೊಲೀಸರಿಗೆ ಏನೂ ಕಾಣಲಿಲ್ಲ. ಸಾಹೇಬನ ಮುಂದೆ ಬಿಚ್ಚಿ ಒಳಗಿನದನ್ನು ತೋರಿಸಬೇಕು ಅಂತ ತಾನು ಈ ದಿನಕ್ಕೆ ಕಾದಿದ್ದ. ಈಗ ಗಾಡಿ ನೆಟ್ಟಗಿದೆ. ನೆಟ್ಟಗಿದ್ದ ಗಾಡಿ ಹೇಗೆ ಉರುಳಿತು ಅಂತ ಸಾಹೇಬ ಕೇಳಿದರೆ ಉಳಿಯುವ ಉತ್ತರ ಒಂದೇ.

ಪಾರವ್ವ ಚಾಪೆಯ ಅಂಚು ಹಿಡಿದು ಕೂತಳು.

"ಹಂಗಾರ," ಅಂದಳು ಕಡೆಗೆ, "ಹಂಗಾರ ತಗೀರಿ ಅದನ್ನ. ಕಾಕಾ, ಈಗ ಹೋಗಿ ತಗೀರಿ. ಮತ್ತ ಟಕ್ ಅನ್ನಂಗ ಮಾಡ್ರಿ. ನಿಮ್ಮ ಕೈಲೇ ಆಗ್ತದಲ್ರಿ?"

"ನಾನೂ ಅದ ಅನ್ನಾವ," ಅಂದರು ವಕೀಲರು ಮೆಲ್ಲಗೆ.

"ಆಗಂಗಿಲ್ರಿ," ಅಂದ ಶಿವಪುತ್ರಪ್ಪ. "ನಿಮ್ಮಣ್ಣ ಅರ್ಧಾ ಕೆಲಸ ಮಾಡೂ ಮನಶ್ಯಾ ಅಲ್ಲ. ಬೆಣಿ ಬಡದು ಬಡದು ಸವದ ಕಾಲುವೀನೂ ಅರಾ ಹಾಕಿ ತಿಕ್ಕಿ ಚೌಕ ಮಾಡಿರ್ತಾನ, ಅದಕ್ಕ ತಕ್ಕಂಗ ದಪ್ಪನ ಬೆಣಿ ಕೂಡ್ಸಿರ್ತಾನ. ಈಗ ಬಿಚ್ಚಿದ್ರ ಅಲ್ಲಿ ಹೊಸ ಕೆಲಸ ಬಿಟ್ರ ಏನೂ ಕಾಣಂಗಿಲ್ಲ. ಮತ್ತ ನಾ ಕೆಡಿಸಿ ತೋರಸಿದ್ರ ಅದು ಸುಳ್ಳು ಸಾಕ್ಷಿ. ನಾ ಒಳಗ, ವಕೀಲ್ರು ಒಳಗ, ಮಲಕಪ್ಪ ಹೊರಗ ಬರಂಗ ಇಲ್ಲ."

"ನಮ್ಮಣ್ಣ ಬಂದು ಹೇಳಿದ್ರ?"

ಇದಕ್ಕೆ ವಕೀಲರು ಉತ್ತರ ಕೊಟ್ಟರು. "ಆರೋಪಿಯ ಭಾವಮೈದ. ಪೊಲೀಸ್ರು ಜಪ್ತಿ ಮಾಡಿದ ಮುದ್ದೆಮಾಲನ್ನ ಮುಟ್ಟಿದಾಂವ. ಅವನ ಬರೇ ಮಾತನ್ನ ಯಾರೂ ನಂಬಂಗಿಲ್ಲ ತಂಗಿ. ಅವನ ನೌಕರಿ ಹೋಗ್ತದ, ಅಷ್ಟ. ಆದ್ರ ಮಾತಿನ ಜೋಡಿ ವಸ್ತು ಇದ್ರ..."

"ಹಳೇ ಬೆಣಿ," ಅಂದ ಶಿವಪುತ್ರಪ್ಪ. ಮೊದಲ ಸಲ ಅವನ ದನಿ ಸ್ವಲ್ಪ ಚುರುಕಾಯಿತು. "ಮುರದ ತುಂಡು. ಉಕ್ಕು ಮುರದ ಮುಖ ನೋಡಿದ್ರ ಯಾವ ಸಾಹೇಬಗೂ ತಿಳೀತದ. ಹಳೇ ಸವಕಳಿ ಒಂದ್ ಕಡೆ ನುಣ್ಣಗ ಹೊಳೀತದ, ಕಡೀಗೆ ಹರದದ್ದು ಒಂದ್ ಕಡೆ ಸಕ್ಕರಿ ಹರಳಿನಂಗ ಇರ್ತದ. ಎಷ್ಟು ದಿವಸ ಸಡಲಿತ್ತು, ಯಾವಾಗ ತುಂಡಾತು, ಎಲ್ಲಾ ಅದರಾಗ ಬರದಿರ್ತದ. ಪಾರವ್ವಾ, ಆ ತುಂಡು ಗೂಳಪ್ಪನ ಕಡೆ ಅದ ಏನು?"

"ಇಲ್ರಿ."

"ಮತ್ತ?"

"ನಂಗ ಕೊಟ್ಟ. ಎರಡು ತುಂಡು. ಅರವ್ಯಾಗ ಕಟ್ಟಿ ಕೊಟ್ಟ."

"ಎಲ್ಲಿ ಅದು? ತಾ!"

ಪಾರವ್ವ ತಲೆ ತಗ್ಗಿಸಿದಳು. ಇನ್ನೂ ಏನು ತಪ್ಪು ಮಾಡಿದ್ದೇನೋ ಅನ್ನುವ ಹೆದರಿಕೆ ಮುಖದ ತುಂಬ.

"ಸಾವಕಾರ್ರ ಜೀವಾ ತಗೊಂಡ ಕಬ್ಬಣ ಅಲ್ರಿ ಅದು. ಮನ್ಯಾಗ ಇಟ್ಕೊಳ್ಳಾಕ ಬರ್ತದೇನ್ರಿ? ಪೂಜಾ ಮುಗದ ಮ್ಯಾಲ ಗಾಡಿಗೆ ಮೂರು ಸುತ್ತು ನಿವಾಳಿಸಿ, ನಿಂಬಿಹಣ್ಣು, ಮೆಣಸಿನಕಾಯಿ ಇಟ್ಟು, ಮೂರು ಹಾದಿ ಕೂಡಲ್ಲಿ ಒಗದ್ ಬಂದೀನ್ರಿ."

ವಕೀಲರು "ಶಿವನೇ" ಅಂದರು. ಆದರೆ ಶಿವಪುತ್ರಪ್ಪ ಎದ್ದು ನಿಂತಿದ್ದ.

"ಯಾವ ಮೂರು ಹಾದಿ?"

"ಸಾತಾರಿ ರಸ್ತೇದಿಂದ ಬಿಬವೇವಾಡಿ ಹಾದಿ ಒಡೀತದಲ್ರಿ, ಅಲ್ಲಿ."

"ಖಂಡೇನವಮಿ ಸಂಜಿಗೆ. ಅಂದ್ರ ಮೂರು ದಿವಸ. ವಕೀಲ್ರ, ಟಾಂಗಾ ಕರೀರಿ."

"ಮೂರು ದಿವಸದ ಮ್ಯಾಲ ಬೀದ್ಯಾಗ ಒಗದ ವಸ್ತು ಇರ್ತದೇನೋ?"

"ಬಂಗಾರ ಒಗದಿದ್ರ ಇರ್ತಿರ್ಲಿಲ್ರಿ. ನಿವಾಳಿಸಿ ಒಗದಿದ್ದನ್ನ ಈ ಪುಣೇದಾಗ ಯಾವ ಮನಶ್ಯಾ ಮುಟ್ಟತಾನ? ನಾಯಿ ಸುದ್ದಾ ದಾಟಿ ಹೋಗ್ತದ. ಅದಕ್ಕಿಂತ ಭದ್ರ ತಿಜೂರಿ ಇಲ್ರಿ. ಎದ್ದೇಳ್ರಿ, ಎರಡೂವರಿ ಆತು!"

*

ಟಾಂಗಾವಾಲಾ ದಾರಿಯುದ್ದಕ್ಕೂ ಕುದುರೆಗೂ ವಕೀಲರ ಭಾರಕ್ಕೂ ಸಂಬಂಧ ಕಲ್ಪಿಸಿ ಮರಾಠಿಯಲ್ಲಿ ಏನೇನೋ ಅಂದ. ವಕೀಲರು ಬೇರೆ ದಿನವಾಗಿದ್ದರೆ ಎರಡು ಮಾತು ತಿರುಗಿ ಕೊಡುತ್ತಿದ್ದರು. ಇವತ್ತು ಕೊಡಲಿಲ್ಲ. ಪಾರವ್ವ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು.

"ಗೂಳಪ್ಪಗ ಹೇಳಿ ಕಳಿಸೂಣೇನು?" ಅಂತ ವಕೀಲರು ಕೇಳಿದರು. "ತುಂಡು ಸಿಕ್ರ ಅವನ ಬಂದು ನಾನ ತೆಗದೀನಿ ಅನ್ನಬೇಕಲ್ಲ."

"ಇವತ್ತ ಅವನ ಪಾಳಿ ಐತ್ರಿ," ಅಂದಳು ಪಾರವ್ವ. "ಸಂಜಿ ಭೋಂಗಾ ಊದೂತನಕ ಖಡಕಿ ಗೇಟಿಂದ ಹೊರಗ ಬಿಡಂಗಿಲ್ಲ. ಮುಂಜಾನಿ ಬುತ್ತಿ ಕಟಗೊಂಡು ಹೋಗ್ಯಾನ."

"ಮೊದಲ ತುಂಡು ಸಿಗ್ಲಿ," ಅಂದ ಶಿವಪುತ್ರಪ್ಪ.

ರಸ್ತೆ ಒಡೆಯುವಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕಾಶವ್ವ ಅನ್ನುವ ಮುದುಕಿ ಕೂತಿದ್ದಳು. ವಿಜಾಪುರ ಕಡೆಯವಳು, ಆ ದಾರಿಯ ಡ್ರೈವರುಗಳಿಗೆಲ್ಲ ಪರಿಚಯ.

ಶಿವಪುತ್ರಪ್ಪ ಟಾಂಗಾ ನಿಲ್ಲುವ ಮೊದಲೇ ಇಳಿದ.

ಅವನ ಲೆಕ್ಕ ತಪ್ಪಿರಲಿಲ್ಲ. ಮೂರು ದಾರಿಯ ನಟ್ಟನಡುವೆ ನಿಂಬೆಹಣ್ಣು ಇತ್ತು. ಒಣಗಿ ಕಂದಾಗಿತ್ತು, ಆದರೆ ಇಟ್ಟಲ್ಲೇ ಇತ್ತು. ಮೆಣಸಿನಕಾಯಿ ಇದ್ದವು. ಬಾಡಿದ ಚೆಂಡುಹೂವು ಇತ್ತು. ಚಕ್ಕಡಿಗಳ ಗಾಲಿಯ ಗುರುತುಗಳು ಅಲ್ಲಿಗೆ ಬಂದು, ಎರಡು ಮೊಳ ಪಕ್ಕಕ್ಕೆ ಸರಿದು, ಮುಂದೆ ಹೋಗಿದ್ದವು.

ಹೂವಿನ ಪಕ್ಕದಲ್ಲಿ, ಧೂಳಿನಲ್ಲಿ, ಗ್ರೀಸಿನ ಕರಿ ಮೆತ್ತಿದ ಒಂದು ಚಿಕ್ಕ ಕುಣಿ. ಕುಣಿ ಖಾಲಿ ಇತ್ತು.

ಶಿವಪುತ್ರಪ್ಪ ಮೊಣಕಾಲೂರಿ ಸುತ್ತಲಿನ ಮಣ್ಣನ್ನೆಲ್ಲ ಕೈಯಾಡಿಸಿ ನೋಡಿದ. ವಕೀಲರೂ ಕೋಟು ಎತ್ತಿಕೊಂಡು ಬಗ್ಗಿದರು. ಏನೂ ಇರಲಿಲ್ಲ.

"ಏ ಯಪ್ಪಾ, ಮುಟ್ಟಬ್ಯಾಡ್ರೋ!" ಅಂತ ಕಾಶವ್ವ ಕೂಗಿದಳು. "ನಿವಾಳಿಸಿದ್ದ್ ಐತಿ ಅದು! ಏನಾಗೇತಿ ಇವತ್ತ ಮಂದೀಗೆ? ಓದಿದೋರು ಕಂಡಂಗ ಕಾಣ್ತೀರಿ."

"ಅವ್ವಾ, ಇದರಾಗಿಂದು ಯಾರರ ಏನರ ತಗೊಂಡ್ ಹೋದ್ರೇನು?"

"ತಗೊಂಡ್ ಹೋದ ಒಬ್ಬಾಂವ, ನಿನ್ನೆ ಮುಂಜಾನಿ. ನಾ ಬೈದೆ. ಕಿವೀಗೆ ಹಾಕ್ಕೊಳ್ಳಲಿಲ್ಲ. ಗಂಟು ಎತ್ತಿದ, ಬಿಚ್ಚಿ ನೋಡಿದ, ಅಂಗಿ ಕಿಸೇದಾಗ ಇಟ್ಕೊಂಡ. ನಿಂಬಿಹಣ್ಣು ಮುಟ್ಟಲಿಲ್ಲ, ಅಷ್ಟರ ಬುದ್ಧಿ ಇತ್ತು."

"ಯಾರಾಂವ? ಗುರುತು ಹೇಳ್ತೀಯಾ?"

ಕಾಶವ್ವ ಟಾಂಗಾದ ಕಡೆ ನೋಡಿದಳು. ಅಲ್ಲಿ ಇಳಿದು ನಿಂತಿದ್ದ ಪಾರವ್ವನ ಕಡೆ ಪೇರಲ ಹಣ್ಣು ಹಿಡಿದ ಕೈ ಚಾಚಿದಳು.

"ಗುರುತು ನಂಗ್ಯಾಕ ಕೇಳ್ತಿ? ಆಕೀಗೆ ಕೇಳು. ಒಗ್ಯಾಕ ಬಂದ ದಿವಸ ಆಕೀ ಜೋಡೀನ ಬಂದು, ಅಲ್ಲಿ ದೂರ ನಿಂತಿದ್ನಲ್ಲ, ಖಾಕಿ ಅಂಗಿಯಾಂವ. ಅವನ."

ಪಾರವ್ವನ ಬಾಯಿಯಿಂದ ಸೆರಗು ಜಾರಿತು.

"ನಮ್ಮಣ್ಣ?" ಅಂದಳು. "ನಮ್ಮಣ್ಣ ಯಾಕ ತಗೋತಾನ? ತಾನ ತಂದು ಕೊಟ್ಟಾಂವ. ಒಗದು ಬಾ ಅಂದಾಂವ ಅವನ."

"ಒಬ್ಬನ ಬಂದಿದ್ನೇನವ್ವಾ?" ಶಿವಪುತ್ರಪ್ಪನ ದನಿ ಬಹಳ ಸಣ್ಣದಾಗಿತ್ತು.

"ಸೈಕಲ್ ಮ್ಯಾಲ ಒಬ್ಬನ ಬಂದ. ಆದ್ರ ಆ ಕಡೆ ಒಂದು ಟಾಂಗಾ ನಿಂತಿತ್ತು. ಹೋಗಿ ಅದರ ಒಳಗಿನೋರ ಜೋಡಿ ಮಾತಾಡಿದ. ಮುಖ ಕಾಣಲಿಲ್ಲ. ಬಿಳೀ ಕೋಟಿನ ತೋಳು ಕಂಡ್ತು, ಅಷ್ಟ."

"ತುಂಡು ಅವರಿಗೆ ಕೊಟ್ನೋ, ತಾನ ಇಟ್ಕೊಂಡ್ನೋ?"

"ಅಯ್ಯ, ನಾ ಹಣ್ಣು ಮಾರಬೇಕೋ, ಅವರ ಕೈ ಎಣಸಬೇಕೋ?"

ವಕೀಲರು ಗಡಿಯಾರ ತೆಗೆದು ನೋಡಿದರು. ಮೂರೂಕಾಲು.

"ಕಾಕಾ," ಅಂದಳು ಪಾರವ್ವ. ಅತ್ತಿರಲಿಲ್ಲ, ಅಳುವುದೂ ಅವಳ ಕೈಯಲ್ಲಿ ಉಳಿದಂತಿರಲಿಲ್ಲ. "ಅವ ಹಂಗ ಮಾಡಾಂವ ಅಲ್ರೀ. ಅವ ನನ್ನ ಒಡಹುಟ್ಟಿದಾಂವ."

ಶಿವಪುತ್ರಪ್ಪ ರಸ್ತೆಯ ಕಡೆ ತಿರುಗಿದ. ಸ್ವಾರಗೇಟ ಕಡೆಯಿಂದ ಒಂದು ಗಾಡಿ ಬರುತ್ತಿತ್ತು.

ಪಿಕಪ್ಪು. ಸಾಹೇಬ ಒಂದು ತಾಸು ಮೊದಲೇ ಬಂದಿದ್ದ. ಸ್ಟೇರಿಂಗ್ ಹಿಡಿದು ಅವನೇ ಕೂತಿದ್ದ, ಪಕ್ಕದಲ್ಲಿ ಹವಾಲ್ದಾರ. ಮೂರು ದಾರಿ ಕೂಡುವಲ್ಲಿ ಗಾಡಿ ನಿಂತಿತು. ಸಾಹೇಬ ಅದನ್ನು ಒಮ್ಮೆ ಹಿಂದಕ್ಕೆ ತೆಗೆದ, ಒಮ್ಮೆ ಮುಂದಕ್ಕೆ ಬಿಟ್ಟ, ತಲೆ ಓರೆ ಮಾಡಿ ಆಲಿಸಿದ. ಬೇವಿನ ಮರದ ಕೆಳಗೆ ನಾಲ್ಕು ಜನ ಉಸಿರು ಹಿಡಿದು ಆಲಿಸಿದರು. ಏನೂ ಕೇಳಲಿಲ್ಲ. ಗಾಡಿ ಮತ್ತೆ ಘಾಟಿನ ಕಡೆ ಹೊರಟಿತು.

ಹಿಂದಿನ ತೊಟ್ಟಿಯಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಬಾಳಕೃಷ್ಣಪಂತರು. ಇನ್ನೊಬ್ಬ ಖಡಕಿಯ ಪಾಳಿಯಲ್ಲಿರಬೇಕಾಗಿದ್ದ ಖಾಕಿ ಅಂಗಿಯ ಗೂಳಪ್ಪ. ಅವನು ತಂಗಿಯನ್ನು ನೋಡಿದ, ಕೈ ಎತ್ತಲಿಲ್ಲ. ಬಲಗೈಯನ್ನು ಎದೆಯ ಜೇಬಿನ ಮೇಲೆ ಒತ್ತಿ ಹಿಡಿದುಕೊಂಡೇ ತಿರುವಿನಲ್ಲಿ ಮರೆಯಾದ.